ಮರುಟಪಾಲಿನ ಗಣಿತ

ಗಣಿತವನ್ನು ಜನರ ಬಳಿಗೆ ಒಯ್ಯುವುದೆಂದರೆ ಕಹಿ ಗುಳಿಗೆಗೆ ಬೆಲ್ಲ ಸವರುವ ಕೆಲಸ ಎಂದು ನಂಬಿದವರು ಬಹಳ. ಗಣಿತ ಕಷ್ಟ, ಸಾಮಾನ್ಯರಿಗೆ ಅದರ ಮೇಲೆ ಒಲವಿಲ್ಲ, ಹಾಗಾಗಿ ಒಗಟು, ಆಟ, ಚಮತ್ಕಾರಗಳ ನೆಪ ಹೂಡಿ ಒಂದಿಷ್ಟನ್ನಾದರೂ ಗಂಟಲಿಗೆ ಇಳಿಸಬೇಕು ಎಂಬುದು ಆ ನಂಬಿಕೆಯ ತಿರುಳು. ಶಾಲೆಯ ಗಣಿತ ದಿನಾಚರಣೆಯಿಂದ ವಾರಪತ್ರಿಕೆಯ ಮಕ್ಕಳ ಪುಟದವರೆಗೆ ಈ ಧೋರಣೆ ಹರಡಿದೆ. ಆದರೆ ವಿನೋದ ಗಣಿತದ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಯಾವ ಕಾಲದಲ್ಲಿ, ಯಾವ ಮಾಧ್ಯಮದಲ್ಲಿ ಒಗಟುಗಳು ಜನರನ್ನು ನಿಜವಾಗಿ ಗಣಿತದೊಳಕ್ಕೆ ಕರೆತಂದವೋ ಅಲ್ಲೆಲ್ಲ ಒಂದು ಏರ್ಪಾಡು ಇತ್ತು: ಕೇಳಿದವನಿಗೆ ಉತ್ತರ ಕಳಿಸುವ ದಾರಿ ತೆರೆದಿತ್ತು, ಬಂದ ಉತ್ತರವನ್ನು ಅವನು ಓದುತ್ತಿದ್ದ, ತನ್ನದಕ್ಕಿಂತ ಅದು ಮೇಲೆನಿಸಿದರೆ ಒಪ್ಪಿಕೊಂಡು ಎಲ್ಲರಿಗೂ ಸಾರುತ್ತಿದ್ದ. ಆ ದಾರಿ ಮುಚ್ಚಿದ್ದ ಕಡೆ ಒಗಟು ಬೆರಗನ್ನು ಹುಟ್ಟಿಸಿತು, ಹೊತ್ತು ಕಳೆಯಿತು, ಕೆಲವೊಮ್ಮೆ ಮೋಸವನ್ನೂ ಮಾಡಿತು. ಗಣಿತವನ್ನು ಮಾತ್ರ ಬೆಳೆಸಲಿಲ್ಲ. ಸರಳಗೊಳಿಸುವ ಜಾಣ್ಮೆಗಿಂತ ಮರುಟಪಾಲಿಗೆ ಕೊಟ್ಟ ಮರ್ಯಾದೆ ಹೆಚ್ಚು ಕೆಲಸ ಮಾಡಿದೆ ಎಂಬುದು ನನ್ನ ವಾದ.

ನಮ್ಮ ಹಳೆಯ ಗಣಿತ ಗ್ರಂಥಗಳಿಂದಲೇ ಹೊರಡಬಹುದು. ಅವುಗಳ ಲೆಕ್ಕಗಳು ಒಬ್ಬನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಂತಿವೆ. ಗೆಳೆಯಾ, ಗಣಕನೇ, ಬಾಲೆಯೇ ಎಂದು ಕರೆದು, ಬಲ್ಲೆಯಾದರೆ ಹೇಳು ಎಂದು ಸವಾಲು ಹಾಕುವುದು ಅವುಗಳ ರೀತಿ. 628ರಲ್ಲಿ ಗ್ರಂಥ ರಚಿಸಿದ ಬ್ರಹ್ಮಗುಪ್ತ, ಇಂಥ ಪ್ರಶ್ನೆಗಳನ್ನು ಒಡ್ಡಿ ಬಿಡಿಸಬಲ್ಲವನು ಜನರ ಸಭೆಯಲ್ಲಿ ಇತರರ ಕೀರ್ತಿಯನ್ನು ಮಂಕಾಗಿಸುತ್ತಾನೆ ಎಂಬರ್ಥದ ಮಾತು ಬರೆದಿದ್ದಾನೆ. ಅಂದರೆ ಆಗ ಒಗಟಿನ ಮಾಧ್ಯಮ ಸಭೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದ ನಡುವೆ, ಮಹಾವೀರಾಚಾರ್ಯ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಈ ಸಭೆಯ ಕಳೆ ಎದ್ದು ಕಾಣುತ್ತದೆ. ಗಂಡಹೆಂಡಿರ ಪ್ರಣಯಕಲಹದಲ್ಲಿ ಮುತ್ತಿನ ಹಾರ ಹರಿಯುವ ಲೆಕ್ಕ ಅದರಲ್ಲಿದೆ. ಮೂರರಲ್ಲೊಂದು ಪಾಲು ಒಂದು ಕಡೆ, ಆರರಲ್ಲೊಂದು ಪಾಲು ಇನ್ನೊಂದು ಕಡೆ ಚೆಲ್ಲುತ್ತವೆ. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಲ ಚೆಲ್ಲಿದ ಮೇಲೆ ದಾರದಲ್ಲಿ 1161 ಮುತ್ತುಗಳಿರುತ್ತವೆ. ಹಾರದಲ್ಲಿದ್ದವು ಎಷ್ಟು? ಹಿಂದಿನಿಂದ ಬಂದರೆ ಸುಲಭ: ಆರು ಸಲ ಇಮ್ಮಡಿಸಿದರೆ 74,304, ಮೊದಲೇ ಅರ್ಧ ಹೋಗಿತ್ತಾದ್ದರಿಂದ ಒಟ್ಟು 1,48,608. ಇಷ್ಟು ಮುತ್ತಿನ ಹಾರವನ್ನು ಯಾವ ಕೊರಳೂ ಹೊರಲಾರದು. ವ್ಯಾಪಾರಕ್ಕೆ ಬೇಕಾದ ಲೆಕ್ಕವೂ ಇದಲ್ಲ. ಕೇಳಿದವರ ತಲೆಯಲ್ಲಿ ಒಂದು ಯೋಚನೆಯ ಕ್ರಮ ನೆಲೆಯೂರಲಿ ಎಂದೇ ಹೆಣೆದದ್ದು. ಇದೇ ಗ್ರಂಥವನ್ನು 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಕನ್ನಡದಲ್ಲಿ 12ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಮೊದಲಾದವನ್ನು ಬರೆದ. ಪ್ರಶ್ನೆಗಳು ಹೀಗೆ ದೇಶಭಾಷೆಗಳಿಗೆ ಇಳಿದವು. ಆದರೆ ಉತ್ತರ ಮಾತ್ರ ಸಭೆಯ, ಗುರುಮನೆಯ ಗೋಡೆಗಳೊಳಗೇ ಉಳಿಯಿತು. ಓಲೆಗರಿಯ ಪ್ರತಿಯನ್ನು ದೂರದೂರಲ್ಲಿ ಓದಿದವನೊಬ್ಬ ಇನ್ನೂ ಚೆಲುವಾದ ದಾರಿ ಕಂಡುಕೊಂಡಿದ್ದರೂ ಅದನ್ನು ಮಹಾವೀರಾಚಾರ್ಯರಿಗೆ ಮುಟ್ಟಿಸುವ ಬಗೆ ಇರಲಿಲ್ಲ.

ಸಾವಿರ ವರ್ಷಗಳ ನಂತರ ಮೈಸೂರಿನಲ್ಲೂ ಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಮನೆ ವಿದ್ಯೆ, ಕಲೆ, ಆಟಗಳ ಬೀಡಾಯಿತು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಗೆ ಆಟಗಳೇ ವಸ್ತು. ಚದುರಂಗದ ಕುದುರೆ ತನ್ನ ನಡೆಯಲ್ಲೇ ಸಾಗುತ್ತ ಒಂದು ಮನೆಯನ್ನೂ ಬಿಡದೆ, ಒಂದನ್ನೂ ಎರಡು ಸಲ ತುಳಿಯದೆ ಹಾಸನ್ನೆಲ್ಲ ಸುತ್ತುವ ಬಂಧಗಳಲ್ಲಿ ದೊರೆಗೆ ಅಪಾರ ಆಸಕ್ತಿ. ಇದಕ್ಕೆ ನಮ್ಮಲ್ಲಿ ಉದ್ದನೆಯ ಪರಂಪರೆಯಿತ್ತು: 9ನೇ ಶತಮಾನದ ರುದ್ರಟನ 'ಕಾವ್ಯಾಲಂಕಾರ'ದಲ್ಲೇ ಕುದುರೆಯ ನಡೆಯಲ್ಲಿ ಅಕ್ಷರ ಜೋಡಿಸುವ ತುರಗಪದ ಬಂಧವಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಹಾಸುಗಳ ಚಿತ್ರಗಳನ್ನು ಇಂದಿಗೂ ಕಾಣಬಹುದು. ಮುಮ್ಮಡಿಯವರ ಈ ಕೆಲಸಕ್ಕೆ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು ಎಂದೇ ನನ್ನ ಎಣಿಕೆ. ಆದರೂ ಅರಮನೆಯ ಗೋಡೆ ಬಿಡಿಸಿಟ್ಟ ಉತ್ತರವನ್ನು ತೋರಿಸುತ್ತದೆ. ನೋಡಿದವರು ತಲೆದೂಗಬಹುದು, ದೊರೆಗೆ ತಿರುಗಿ ಇನ್ನೊಂದು ಬಂಧ ಕಳಿಸುವುದು ಎಷ್ಟು ಜನರಿಗೆ ಸಾಧ್ಯ? ಅದೇ ಕಾಲದಲ್ಲಿ ಮೈಸೂರಿನ ಕೇರಿಕೇರಿಗಳಲ್ಲಿ ಅಳಗುಳಿಮಣೆಯ ಮುಂದೆ ಕೂತು ಹುಣಸೆಬೀಜ ಹಂಚುತ್ತಿದ್ದ ಹೆಂಗಸರು ಮುಂದಿನ ಹಲವು ಸುತ್ತುಗಳನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದರು. ಆ ಎಣಿಕೆಯನ್ನು ಯಾರೂ ಕೇಳಲಿಲ್ಲ, ಬರೆದಿಡಲೂ ಇಲ್ಲ.

ಪಶ್ಚಿಮದಲ್ಲಿ ಬದಲಾವಣೆ ತಂದದ್ದು ಅಗ್ಗದ ಪತ್ರಿಕೆ ಮತ್ತು ಅಗ್ಗದ ಅಂಚೆ. ಆದರೆ ಇವೆರಡೂ ಸೇರಿದ ಮಾತ್ರಕ್ಕೆ ಒಳ್ಳೆಯದೇ ಆಗಬೇಕೆಂದಿಲ್ಲ ಎಂಬುದಕ್ಕೆ ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್ ಸಾಕ್ಷಿ. 1880ರಲ್ಲಿ ಹದಿನೈದು ಬಿಲ್ಲೆಗಳನ್ನು ಸರಿಸುವ ಆಟ ಅಮೆರಿಕ, ಯುರೋಪುಗಳನ್ನು ಹುಚ್ಚು ಹಿಡಿಸಿತು. ನಾಲ್ಕು ಸಾಲು, ನಾಲ್ಕು ಕಂಬದ ಪೆಟ್ಟಿಗೆಯಲ್ಲಿ ಒಂದು ಮನೆ ಖಾಲಿ. 14 ಮತ್ತು 15 ಮಾತ್ರ ಅದಲುಬದಲಾಗಿರುವ ಸ್ಥಿತಿಯಿಂದ ಬಿಲ್ಲೆ ಸರಿಸುತ್ತ ಕ್ರಮಕ್ಕೆ ತರಬೇಕು. ಇದು ಆಗದ ಕೆಲಸ. ಯಾಕೆಂದರೆ ಪ್ರತಿ ಸರಿಸುವಿಕೆಯೂ ಖಾಲಿ ಮನೆಯೊಂದಿಗೆ ಒಂದು ಅದಲುಬದಲು. ಖಾಲಿ ಮನೆ ಹೊರಟಲ್ಲಿಗೇ ಮರಳಬೇಕಾದರೆ ಇಂಥ ಅದಲುಬದಲುಗಳ ಸಂಖ್ಯೆ ಸಮವಾಗಿರಲೇಬೇಕು. ನಮಗೆ ಬೇಕಾದದ್ದಾದರೋ ಒಂದೇ ಅದಲುಬದಲು, ಅದು ಬೆಸ. ಹೀಗೆ ಸ್ಥಿತಿಗಳಲ್ಲಿ ಅರ್ಧದಷ್ಟು ಎಂದಿಗೂ ಕೈಗೆಟುಕವು ಎಂದು ಜಾನ್ಸನ್ ಮತ್ತು ಸ್ಟೋರಿ ಎಂಬಿಬ್ಬರು ಗಣಿತಜ್ಞರು 1879ರ ಅಮೆರಿಕನ್ ಗಣಿತ ಪತ್ರಿಕೆಯ ಸಂಪುಟದಲ್ಲೇ ತೋರಿಸಿದ್ದರು. ಲಾಯ್ಡ್ ಮುಂದೆ ಇದರ ಬಿಡಿಕೆಗೆ 1000 ಡಾಲರ್ ಬಹುಮಾನ ಸಾರಿದ. ಆಟವನ್ನು ಕಂಡುಹಿಡಿದವನು ತಾನೇ ಎಂದು 1890ರ ದಶಕದಿಂದ ಸಾಯುವವರೆಗೆ ಹೇಳಿಕೊಂಡ. ನಿಜವಾಗಿ ಅದರ ಹಿಂದೆ ಇದ್ದವನು ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಊರಿನ ಅಂಚೆ ಮಾಸ್ತರ ನಾಯ್ಸ್ ಚಾಪ್‌ಮನ್. ಲಾಯ್ಡ್‌ನ ಕಲ್ಪಕತೆ ದೊಡ್ಡದೆಂಬುದರಲ್ಲಿ ಅನುಮಾನವಿಲ್ಲ, ಅವನ ಚದುರಂಗದ ಸಮಸ್ಯೆಗಳು ಇಂದಿಗೂ ಹೊಸದಾಗಿವೆ. ಆದರೆ ಆಗದು ಎಂದು ಗೊತ್ತಿದ್ದ ಕೆಲಸಕ್ಕೆ ಬಹುಮಾನ ಇಟ್ಟವನಿಗೆ ಉತ್ತರ ಬೇಕಿರಲಿಲ್ಲ. ಯಾಕೆ ಆಗದು ಎಂಬ ಚೆಲುವಾದ ವಾದವನ್ನು ಓದುಗರ ಮುಂದಿಟ್ಟಿದ್ದರೆ ಅದೇ ಸಮ-ಬೆಸದ ತತ್ತ್ವವನ್ನು ಒಂದು ಇಡೀ ಪೀಳಿಗೆ ಆಟದಲ್ಲೇ ಕಲಿಯುತ್ತಿತ್ತು. ಅವಕಾಶ ಕೈತಪ್ಪಿತು.

ಇಂಗ್ಲೆಂಡಿನ ಹೆನ್ರಿ ಡ್ಯೂಡನಿ ಬೇರೆ ಜಾತಿಯ ಮನುಷ್ಯ. ಕಾಲೇಜಿನ ಮೆಟ್ಟಿಲು ಹತ್ತದೆ, ಹದಿಮೂರನೆಯ ವಯಸ್ಸಿಗೇ ಸರ್ಕಾರಿ ಗುಮಾಸ್ತಿಕೆಗೆ ಸೇರಿ, ಗಣಿತವನ್ನು ತಾನೇ ಕಲಿತವನು. ಲಾಯ್ಡ್ ಜೊತೆ ಕೆಲಕಾಲ ಕೂಡಿ ಕೆಲಸ ಮಾಡಿದ. ತನ್ನ ಒಗಟುಗಳು ಲಾಯ್ಡ್ ಹೆಸರಿನಲ್ಲಿ ಅಚ್ಚಾಗತೊಡಗಿದಾಗ ದೂರವಾದ. 1902ರಲ್ಲಿ ಅವನು ಪತ್ರಿಕೆಯಲ್ಲಿ ಕೇಳಿದ ಒಂದು ಪ್ರಶ್ನೆ ಹೀಗಿತ್ತು: ಮೂರು ಬದಿಯೂ ಸಮವಿರುವ ತ್ರಿಕೋನದ ಬಟ್ಟೆಯನ್ನು ಆದಷ್ಟು ಕಡಿಮೆ ತುಂಡು ಮಾಡಿ ಚೌಕವಾಗಿ ಜೋಡಿಸಬೇಕು. ಓದುಗರ ಉತ್ತರಗಳು ರಾಶಿ ಬಿದ್ದವು. ನಾಲ್ಕೇ ತುಂಡಿನಲ್ಲಿ ಮುಗಿಸಿ ಕಳಿಸಿದವನು ಮ್ಯಾಂಚೆಸ್ಟರಿನ ಮೆಕ್‌ಎಲ್‌ರಾಯ್ ಎಂಬ ಓದುಗ. ಡ್ಯೂಡನಿ ಅವನ ಹೆಸರು ಹೇಳಿಯೇ ಉತ್ತರ ಪ್ರಕಟಿಸಿದ. ಆ ನಾಲ್ಕು ತುಂಡುಗಳನ್ನು ತಿರುಗಣಿ ಹಾಕಿ ಸರಪಳಿಯಂತೆ ಜೋಡಿಸಿದರೆ ಒಂದು ಕಡೆ ಮಡಚಿದಾಗ ತ್ರಿಕೋನ, ಇನ್ನೊಂದು ಕಡೆ ಮಡಚಿದಾಗ ಚೌಕ. 1905ರಲ್ಲಿ ಡ್ಯೂಡನಿ ಇದರ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದ. ಅವನ ಒಗಟುಗಳು ಎಲ್ಲೆಲ್ಲಿಗೆ ಮುಟ್ಟುತ್ತಿದ್ದವೆಂಬುದಕ್ಕೆ ನಮ್ಮವರ ಒಂದು ಪ್ರಸಂಗವೇ ಇದೆ. 1914ರ ಡಿಸೆಂಬರಿನ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಬಂದ ಅವನ ಲೆಕ್ಕವೊಂದನ್ನು ಕೇಂಬ್ರಿಜ್‌ನಲ್ಲಿ ಪಿ. ಸಿ. ಮಹಾಲನೋಬಿಸ್, ಒಲೆಯ ಮುಂದೆ ತರಕಾರಿ ಕೆದಕುತ್ತಿದ್ದ ರಾಮಾನುಜನ್‌ಗೆ ಓದಿಹೇಳಿದರು. ಒಂದು ಬೀದಿಯ ಮನೆಗಳಿಗೆ 1, 2, 3 ಎಂದು ಸಂಖ್ಯೆಗಳಿವೆ. ಒಂದು ಮನೆಯ ಎಡಗಡೆಯ ಸಂಖ್ಯೆಗಳ ಮೊತ್ತವೂ ಬಲಗಡೆಯ ಮೊತ್ತವೂ ಒಂದೇ. ಮನೆಗಳು 50ಕ್ಕಿಂತ ಹೆಚ್ಚು, 500ಕ್ಕಿಂತ ಕಡಿಮೆ. 288 ಮನೆಗಳ ಬೀದಿಯಲ್ಲಿ 204ನೇ ಮನೆ ಎಂದು ಮಹಾಲನೋಬಿಸ್ ಕೆಲವು ನಿಮಿಷ ತಡಕಾಡಿ ಕಂಡುಕೊಂಡಿದ್ದರು. ರಾಮಾನುಜನ್ ಕೇಳಿದೊಡನೆ ಒಂದು ಸತತ ಭಿನ್ನರಾಶಿಯನ್ನು ಬರೆಸಿದರು. 8 ಮನೆಗಳಲ್ಲಿ 6ನೆಯದು, 49ರಲ್ಲಿ 35ನೆಯದು, 288ರಲ್ಲಿ 204ನೆಯದು, ಹೀಗೆ ಕೊನೆಯಿಲ್ಲದ ಎಲ್ಲ ಉತ್ತರಗಳೂ ಅದರಲ್ಲಿದ್ದವು. ಕೂಲಿಕಾರನೂ ಓದಬಹುದಾದ ಮಾಸಪತ್ರಿಕೆಯ ಪುಟದಲ್ಲಿ ಸಂಖ್ಯಾಸಿದ್ಧಾಂತದ ಆಳದ ಸಮೀಕರಣವೊಂದು ಕೂತಿತ್ತು ಎಂಬುದನ್ನು ಗಮನಿಸಬೇಕು. ವಿಷಯ ಹಗುರವಾಗಿರಲಿಲ್ಲ, ಬಾಗಿಲು ಅಗಲವಾಗಿತ್ತು.

ಈ ಬಾಗಿಲನ್ನು ಪೂರ್ತಿ ತೆರೆದವನು ಮಾರ್ಟಿನ್ ಗಾರ್ಡ್ನರ್. 1914ರಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಹುಟ್ಟಿ, ಶಿಕಾಗೋದಲ್ಲಿ ತತ್ತ್ವಶಾಸ್ತ್ರ ಓದಿ, ಮಕ್ಕಳ ಪತ್ರಿಕೆಯೊಂದರಲ್ಲಿ ಕಾಗದ ಮಡಿಸುವ, ಕತ್ತರಿಸುವ ಆಟಗಳನ್ನು ರಚಿಸುತ್ತಿದ್ದವನು. ಪ್ರೌಢಶಾಲೆಯ ಆಚೆಗೆ ಗಣಿತವನ್ನು ತರಗತಿಯಲ್ಲಿ ಕಲಿತವನಲ್ಲ. 1956ರ ಡಿಸೆಂಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಗೆ ಅವನು ಬರೆದ ಲೇಖನ ಒಂದು ಕಾಗದದ ಪಟ್ಟಿಯ ಕುರಿತದ್ದು. 1939ರಲ್ಲಿ ಪ್ರಿನ್ಸ್‌ಟನ್ನಿಗೆ ಬಂದ ಆರ್ಥರ್ ಸ್ಟೋನ್ ಎಂಬ ಇಂಗ್ಲಿಷ್ ವಿದ್ಯಾರ್ಥಿ, ಅಮೆರಿಕದ ಅಗಲ ಹಾಳೆಗಳು ತನ್ನ ಊರಿನ ಕಡತಕ್ಕೆ ಹೊಂದದೆ ಅಂಚು ಕತ್ತರಿಸುತ್ತಿದ್ದ. ಆ ಪಟ್ಟಿಗಳನ್ನು ಸುಮ್ಮನೆ ಮಡಿಸುತ್ತ ಹೋಗಿ ಆರು ಮೂಲೆಯ ಒಂದು ಆಕೃತಿ ಮಾಡಿದ. ಅದನ್ನು ಚಿಮುಟಿ ಬಿಡಿಸಿದರೆ ಒಳಗೆ ಅಡಗಿದ್ದ ಹೊಸ ಮುಖ ಹೊರಬರುತ್ತದೆ. ಗೆಳೆಯರಾದ ಟಕರ್‌ಮನ್, ಟ್ಯೂಕಿ, ರಿಚರ್ಡ್ ಫೈನ್‌ಮನ್ ಸೇರಿ ಅದರ ಸಿದ್ಧಾಂತ ಕಟ್ಟಿದರು. ಲೇಖನಕ್ಕೆ ಸಿಕ್ಕ ಸ್ವಾಗತ ನೋಡಿ ಪ್ರಕಾಶಕರು ತಿಂಗಳ ಅಂಕಣ ಕೇಳಿದರು. 1957ರ ಜನವರಿಯಲ್ಲಿ ತೊಡಗಿದ ಆ ಅಂಕಣ ಕಾಲು ಶತಮಾನ ನಡೆಯಿತು. ಗಾರ್ಡ್ನರ್ ಗಣಿತಜ್ಞನಲ್ಲದ್ದರಿಂದಲೇ ಅವನ ಬರಹ ತಿಳಿಯಾಗಿತ್ತು, ತಾನು ಅರ್ಥಮಾಡಿಕೊಳ್ಳಲು ಪಟ್ಟ ಪಾಡೇ ಓದುಗನಿಗೆ ದಾರಿಯಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸರಿಯೇ. ಆದರೆ ತಿಳಿಯಾಗಿ ಬರೆದವರು ಬೇರೆಯವರೂ ಇದ್ದರು. ಗಾರ್ಡ್ನರ್‌ನ ವಿಶೇಷ, ಅವನು ಇನ್ನೂ ಉತ್ತರ ಸಿಗದ ಪ್ರಶ್ನೆಗಳನ್ನು ಅಂಕಣಕ್ಕೆ ತಂದದ್ದು. 1970ರ ಅಕ್ಟೋಬರಿನಲ್ಲಿ ಗಣಿತಜ್ಞ ಜಾನ್ ಕಾನ್ವೇಯ 'ಜೀವನದಾಟ'ವನ್ನು ಪರಿಚಯಿಸಿದ. ಚೌಕಳಿಯ ಮನೆಗಳಲ್ಲಿ ಜೀವಕೋಶಗಳು ಎರಡು ಮೂರು ಸರಳ ನಿಯಮಗಳಂತೆ ಹುಟ್ಟಿ ಸಾಯುವ ಆಟ ಅದು. ಮಿತವಾದ ಆರಂಭದಿಂದ ಮಿತಿಯಿಲ್ಲದೆ ಬೆಳೆಯುವ ವಿನ್ಯಾಸವಿದೆಯೇ ಎಂಬುದಕ್ಕೆ ಕಾನ್ವೇ 50 ಡಾಲರ್ ಇಟ್ಟಿದ್ದ. ಅವನಿಗೇ ಉತ್ತರ ಗೊತ್ತಿರಲಿಲ್ಲ. ಮರುತಿಂಗಳೇ ಎಂಐಟಿಯ ಬಿಲ್ ಗಾಸ್ಪರ್ ಮತ್ತು ಸಂಗಡಿಗರು, ಕೊನೆಯಿಲ್ಲದೆ ಪುಟ್ಟ ಆಕೃತಿಗಳನ್ನು ಉಗುಳುತ್ತಲೇ ಇರುವ ಒಂದು ವಿನ್ಯಾಸ ಕಂಡುಹಿಡಿದು ಬಹುಮಾನ ಗೆದ್ದರು. ಲಾಯ್ಡ್‌ನ 1000 ಡಾಲರ್ ಮತ್ತು ಕಾನ್ವೇಯ 50 ಡಾಲರ್, ಇವೆರಡರ ನಡುವಿನ ಅಂತರವೇ ನನ್ನ ವಾದದ ನಡುಗಂಬ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಪಂಚಭುಜದ ಕಥೆಯಲ್ಲಿದೆ. ಒಂದೇ ಬಗೆಯ ಬಿಲ್ಲೆಗಳಿಂದ ಸಂದುಬಿಡದೆ ನೆಲ ಹಾಸಬೇಕು. ಯಾವ ತ್ರಿಕೋನವಾದರೂ ಆಗುತ್ತದೆ, ಯಾವ ಚತುರ್ಭುಜವಾದರೂ ಆಗುತ್ತದೆ. ಐದೂ ಬದಿ, ಐದೂ ಮೂಲೆ ಸಮವಿರುವ ನಿಯಮಿತ ಪಂಚಭುಜ ಆಗದು: ಅದರ ಮೂಲೆ 108 ಡಿಗ್ರಿ, ಒಂದು ಬಿಂದುವಿನ ಸುತ್ತ ಮೂರಿಟ್ಟರೆ ಸಂದು ಉಳಿಯುತ್ತದೆ, ನಾಲ್ಕಿಟ್ಟರೆ ಒಂದರ ಮೇಲೊಂದು ಏರುತ್ತದೆ. ಹಾಗಾದರೆ ತಗ್ಗುಗಳಿಲ್ಲದ ಯಾವ ಯಾವ ಬಗೆಯ ಪಂಚಭುಜಗಳು ನೆಲ ಹಾಸುತ್ತವೆ? 1918ರಲ್ಲಿ ರೈನ್‌ಹಾರ್ಟ್ ಐದು ಬಗೆ ಕಂಡುಹಿಡಿದ. 1968ರಲ್ಲಿ ಕರ್ಶ್‌ನರ್ ಇನ್ನೂ ಮೂರು ಸೇರಿಸಿ, ಒಟ್ಟು ಎಂಟೇ, ಇಲ್ಲಿಗೆ ಮುಗಿಯಿತು ಎಂದ. ಸಾಧನೆ ಬಲು ಉದ್ದ ಎಂದು ಬಿಟ್ಟುಬಿಟ್ಟಿದ್ದ. 1975ರ ಜುಲೈಯಲ್ಲಿ ಗಾರ್ಡ್ನರ್ ಇದನ್ನು ಅಂಕಣದಲ್ಲಿ ವಿವರಿಸಿದ. ಓದಿದ ರಿಚರ್ಡ್ ಜೇಮ್ಸ್ ಎಂಬ ಕಂಪ್ಯೂಟರ್ ಉದ್ಯೋಗಿ, ಪಟ್ಟಿ ನೋಡುವ ಮೊದಲೇ ತಾನೊಂದು ಪ್ರಯತ್ನ ಮಾಡಿ, ಎಂಟರಲ್ಲಿ ಸೇರದ ಹೊಸ ಬಗೆಯೊಂದನ್ನು ಕಳಿಸಿದ. ಡಿಸೆಂಬರಿನ ಸಂಚಿಕೆಯಲ್ಲಿ ಆ ಸುದ್ದಿ ಬಂತು: ಮುಗಿಯಿತೆಂದ ಪಟ್ಟಿ ಮುಗಿದಿಲ್ಲ. ಸ್ಯಾನ್ ಡಿಯಾಗೋದ ಮಾರ್ಜರಿ ರೈಸ್ ಐದು ಮಕ್ಕಳ ತಾಯಿ, ಗೃಹಿಣಿ. ಮಗನಿಗಾಗಿ ತರಿಸುತ್ತಿದ್ದ ಪತ್ರಿಕೆಯನ್ನು ಆಕೆಯೂ ಓದುತ್ತಿದ್ದರು. ಗಣಿತದ ಓದು ಪ್ರೌಢಶಾಲೆಗೆ ನಿಂತಿತ್ತು. ಗಣಿತಜ್ಞರ ಸಂಕೇತಗಳು ಗೊತ್ತಿರಲಿಲ್ಲವಾದ್ದರಿಂದ ತಮ್ಮದೇ ಗುರುತುಗಳ ಪದ್ಧತಿಯನ್ನು ಕಟ್ಟಿಕೊಂಡು, ಒಂದು ಬಿಂದುವಿನಲ್ಲಿ ಯಾವ ಮೂಲೆಗಳು ಕೂಡಬಹುದು ಎಂಬುದನ್ನು ಕ್ರಮವಾಗಿ ಶೋಧಿಸತೊಡಗಿದರು. ಅಡುಗೆಮನೆಯ ಕಟ್ಟೆಯ ಮೇಲೆ ಚಿತ್ರ ಬಿಡಿಸುವುದು, ಯಾರಾದರೂ ಬಂದರೆ ಮುಚ್ಚಿಡುವುದು. 1977ರ ಹೊತ್ತಿಗೆ ಆಕೆ ನಾಲ್ಕು ಹೊಸ ಬಗೆಗಳನ್ನು ಕಂಡುಹಿಡಿದಿದ್ದರು. ಪಟ್ಟಿ ಹದಿಮೂರಕ್ಕೆ ಏರಿತ್ತು. ಪತ್ರ ಗಾರ್ಡ್ನರ್‌ಗೆ ಬಂದಾಗ ಆತ ಅದನ್ನು ಡೋರಿಸ್ ಶಾಟ್‌ಶ್ನೈಡರ್ ಎಂಬ ಗಣಿತಜ್ಞೆಗೆ ಕಳಿಸಿದ. ಪರಿಚಯವಿಲ್ಲದ ಆ ಗುರುತುಗಳನ್ನು ಆಕೆ ತಾಳ್ಮೆಯಿಂದ ಓದಿ, ಸರಿಯೆಂದು ಕಂಡು, ಗಣಿತಲೋಕಕ್ಕೆ ತಿಳಿಸಿದರು. ರೈಸ್ ಕಂಡುಹಿಡಿದ ಒಂದು ವಿನ್ಯಾಸ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಗಣಿತ ಸಂಘದ ಕಚೇರಿಯ ನೆಲಹಾಸಾಯಿತು. ಹದಿನಾಲ್ಕನೆಯದು 1985ರಲ್ಲಿ, ಹದಿನೈದನೆಯದು 2015ರಲ್ಲಿ ಸಿಕ್ಕವು. 2017ರಲ್ಲಿ ಮಿಶೆಲ್ ರಾವೊ ಕಂಪ್ಯೂಟರ್ ನೆರವಿನಿಂದ ಹದಿನೈದೇ ಎಂದು ಸಾಧಿಸಿದ. ಈ ಕಥೆಯಲ್ಲಿ ಗಾರ್ಡ್ನರ್ ಯಾವ ಪ್ರಮೇಯವನ್ನೂ ಕಂಡುಹಿಡಿಯಲಿಲ್ಲ. ಆತ ಮಾಡಿದ್ದು ಎರಡು ಕೆಲಸ: ಜೇಮ್ಸ್‌ನ ಪತ್ರವನ್ನು ಅಚ್ಚು ಹಾಕಿದ್ದು, ರೈಸ್ ಪತ್ರವನ್ನು ತಕ್ಕವರಿಗೆ ದಾಟಿಸಿದ್ದು. ಆ ಎರಡು ಕೆಲಸ ಇಲ್ಲದಿದ್ದರೆ ಎಂಟೇ ಎಂಬ ತಪ್ಪು ಇನ್ನೆಷ್ಟು ಕಾಲ ಉಳಿಯುತ್ತಿತ್ತೋ.

ಅದೇ 1975ರ ಮಾರ್ಚಿನ ಅಂಕಣದಲ್ಲಿ ಗಾರ್ಡ್ನರ್ ಬರೆದದ್ದು ನಾಸಿಕ್ ಬಳಿಯ ದೇವಳಾಲಿಯ ಶಾಲಾಮಾಸ್ತರ ಡಿ. ಆರ್. ಕಾಪ್ರೇಕರ್ ಬಗ್ಗೆ. 1905ರಲ್ಲಿ ಡಹಾಣೂವಿನಲ್ಲಿ ಹುಟ್ಟಿದ ಕಾಪ್ರೇಕರ್ ಸ್ನಾತಕೋತ್ತರ ಪದವಿ ಪಡೆದವರಲ್ಲ. ಕಂಡುಹಿಡಿದುದನ್ನು ಸಣ್ಣ ಪುಸ್ತಿಕೆಗಳಾಗಿ ತಾವೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ಅವರ ಹೆಸರಿನ ಸಂಖ್ಯೆ 6174. ಎಲ್ಲ ಅಂಕಿಯೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು, ದೊಡ್ಡದರಿಂದ ಸಣ್ಣದನ್ನು ಕಳೆಯಬೇಕು. ಬಂದುದಕ್ಕೆ ಮತ್ತೆ ಹಾಗೆಯೇ. 3524 ಹಿಡಿದರೆ 5432ರಲ್ಲಿ 2345 ಹೋಗಿ 3087, ಮುಂದೆ 8352, ಅದರ ಮುಂದೆ 6174. ಅಲ್ಲಿಂದ ಮುಂದಕ್ಕೆ ಕದಲದು. ಏಳು ಹೆಜ್ಜೆಗಳೊಳಗೆ ಎಲ್ಲ ಸಂಖ್ಯೆಗಳೂ ಇಲ್ಲಿಗೇ ಬಂದು ನಿಲ್ಲುತ್ತವೆ. ಕಾಪ್ರೇಕರ್ ಇದನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದ್ದರು. ನಮ್ಮ ವಿದ್ವತ್ ವಲಯ ಅವರನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಸಂಖ್ಯೆಗಳೊಡನೆ ಆಡುವ ಹಳ್ಳಿಮೇಷ್ಟ್ರು ಎಂಬ ಉದಾಸೀನ. ಗಾರ್ಡ್ನರ್‌ನ ಅಂಕಣ ಬಂದ ಮೇಲೆ ಅವರ ಹೆಸರು ದೇಶಾಂತರಗಳಲ್ಲಿ ಹರಡಿತು. ಆ ಹೆಸರು ದೇವಳಾಲಿಯಿಂದ ನ್ಯೂಯಾರ್ಕಿನ ಪತ್ರಿಕೆಯ ಮೂಲಕ ನಮ್ಮಲ್ಲಿಗೆ ಸುತ್ತಿ ಬರಬೇಕಾದದ್ದು ನಮಗೆ ನೋವಿನ ವಿಷಯವಾಗಬೇಕು. ಬೆರಗಿಗೆ ನಮ್ಮಲ್ಲಿ ಬರವಿರಲಿಲ್ಲ, ನಿಜ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನಲ್ಲಿ ಎರಡು ಹದಿಮೂರಂಕಿ ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದಾಗ ಇಡೀ ದೇಶ ಹೆಮ್ಮೆಪಟ್ಟಿತು. ಆ ಪ್ರತಿಭೆಗೆ ಕೈ ಮುಗಿಯಬೇಕು. ಆದರೆ ನೋಡಿದವನಿಗೆ ಇದು ತನ್ನಿಂದಾಗದು ಎಂಬ ಭಾವ ಉಳಿಯುತ್ತದೆ. 6174ರ ಲೆಕ್ಕ ಕೇಳಿದ ಮಗು ಮಾತ್ರ ಮೂರಂಕಿಗೆ ಹೀಗಾಗುತ್ತದೆಯೇ, ಐದಂಕಿಗೆ ಏನಾಗುತ್ತದೆ ಎಂದು ಪೆನ್ಸಿಲ್ ಹಿಡಿಯುತ್ತದೆ. ಮೂರಂಕಿಗೆ 495 ಸಿಗುತ್ತದೆ. ಐದಂಕಿಯಲ್ಲಿ ಒಂದೇ ನಿಲುಗಡೆಯಿಲ್ಲ, ಸಂಖ್ಯೆಗಳು ಸುತ್ತುಗಳಲ್ಲಿ ಸಿಕ್ಕಿಬೀಳುತ್ತವೆ.

ಇಷ್ಟಕ್ಕೆ ಬರಬಹುದಾದ ಮೊದಲ ಆಕ್ಷೇಪ: ಇವೆಲ್ಲ ಗಣಿತದ ಅಂಚಿನ ಮಾತು, ಹೃದಯ ಬೇರೆ ಕಡೆ ಇದೆ, ಒಗಟಿನಿಂದ ಬಂದವನಿಗೆ ಗಣಿತವೆಂದರೆ ಚೂರುಪಾರು ಚಮತ್ಕಾರ ಎಂಬ ತಪ್ಪು ಚಿತ್ರ ಸಿಗುತ್ತದೆ. ಈ ಮಾತಿನಲ್ಲಿ ಹುರುಳಿದೆ. ಕಲನಶಾಸ್ತ್ರವೂ ಬೀಜಗಣಿತದ ದೊಡ್ಡ ಕಟ್ಟಡಗಳೂ ಒಗಟುಗಳಿಂದ ಎದ್ದವಲ್ಲ, ವರ್ಷಗಟ್ಟಲೆಯ ಶಿಸ್ತಿಲ್ಲದೆ ಅವು ದಕ್ಕುವುದಿಲ್ಲ. ಆದರೆ ಅಂಚು ಯಾವುದು, ಹೃದಯ ಯಾವುದು ಎಂಬುದನ್ನು ಮೊದಲೇ ಹೇಳಿಬಿಡಲು ಆಗುವುದಿಲ್ಲ ಎಂದು ಚರಿತ್ರೆ ಮತ್ತೆ ಮತ್ತೆ ತೋರಿಸಿದೆ. ಜೂಜಿನ ಪಣವನ್ನು ನಡುವೆ ನಿಲ್ಲಿಸಿದರೆ ಹೇಗೆ ಹಂಚಬೇಕೆಂಬ ಪ್ರಶ್ನೆಯ ಮೇಲೆ 1654ರಲ್ಲಿ ಪಾಸ್ಕಲ್, ಫರ್ಮಾ ಬರೆದುಕೊಂಡ ಕಾಗದಗಳಿಂದ ಸಂಭಾವ್ಯತೆಯ ಗಣಿತ ಹೊರಟಿತು; ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟುವ ಊರವರ ಒಗಟು 1736ರಲ್ಲಿ ಆಯ್ಲರ್‌ನ ಕೈಗೆ ಸಿಕ್ಕಿ ಜಾಲಗಳ ಸಿದ್ಧಾಂತಕ್ಕೆ ಬೀಜವಾಯಿತು. ಗಾರ್ಡ್ನರ್‌ನ ಅಂಕಣದಲ್ಲೇ 1977ರ ಆಗಸ್ಟಿನಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರ ಗೂಢಲಿಪಿ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂತು. 129 ಅಂಕಿಗಳ ಸಂಖ್ಯೆಯೊಂದನ್ನು ಅಪವರ್ತಿಸಿ ಒಳಗಿನ ಸಂದೇಶ ಓದಿದವರಿಗೆ 100 ಡಾಲರ್. ತಾಂತ್ರಿಕ ವಿವರ ಬೇಕಾದವರು ಸ್ವವಿಳಾಸದ ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಲಿ ಎಂದಿದ್ದಕ್ಕೆ ಸಾವಿರಾರು ಲಕೋಟೆಗಳು ಬಂದವು. ಕೋಟ್ಯಂತರ ವರ್ಷ ಬೇಕೆಂದು ಅಂದಾಜಿಸಿದ್ದ ಆ ಸಂಖ್ಯೆಯನ್ನು 1994ರಲ್ಲಿ ಅಂತರಜಾಲದ ಮೂಲಕ ಕೈಜೋಡಿಸಿದ ಸುಮಾರು 600 ಸ್ವಯಂಸೇವಕರು ಒಡೆದರು. ಇಂದು ಬ್ಯಾಂಕಿನ ವ್ಯವಹಾರಗಳ ಭದ್ರತೆಗೆ ಆಧಾರವಾಗಿರುವ ಗಣಿತದ ಚೊಚ್ಚಲ ಪ್ರಕಟಣೆ ಒಂದು ಒಗಟಿನ ಅಂಕಣದಲ್ಲಿ ಆಯಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಬರೆಯಲು ಬಾಗಿಲು ತೆರೆದರೆ ಬರುವುದೆಲ್ಲ ಬೆಳೆಯಲ್ಲ, ಕಳೆಯೇ ಹೆಚ್ಚು. ಯಾವುದೇ ಕೋನವನ್ನು ಗುರುತಿಲ್ಲದ ಪಟ್ಟಿ ಮತ್ತು ಕೈವಾರದಿಂದಲೇ ಮೂರು ಸಮಪಾಲು ಮಾಡಿದೆ ಎಂಬಂಥ ತಪ್ಪು ಸಾಧನೆಗಳನ್ನು ಓದುವುದರಲ್ಲೇ ಆಯುಷ್ಯ ಕಳೆಯುತ್ತದೆ. 1975ರ ಏಪ್ರಿಲ್ ಅಂಕಣ ಇದಕ್ಕೆ ಒಂದು ಪರೀಕ್ಷೆಯಂತೆ ನಡೆಯಿತು. ಏಪ್ರಿಲ್ ಒಂದರ ನೆಪದಲ್ಲಿ ಗಾರ್ಡ್ನರ್ ಹಲವು ಸುಳ್ಳು ಶೋಧಗಳನ್ನು ನಿಜವೆಂಬಂತೆ ಬರೆದ: ನೆರೆಯ ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ತುಂಬಲು ಐದು ಬಣ್ಣ ಬೇಕೇ ಬೇಕಾದ ನಕಾಶೆ ಸಿಕ್ಕಿದೆ, 163ರ ವರ್ಗಮೂಲವನ್ನು ಪೈಯಿಂದ ಗುಣಿಸಿ 'ಇ' ಎಂಬ ಸಂಖ್ಯೆಗೆ ಘಾತವಾಗಿಸಿದರೆ ಪೂರ್ಣಾಂಕ ಬರುತ್ತದೆಂದು ರಾಮಾನುಜನ್ ಊಹಿಸಿದ್ದರು, ಎಂದೆಲ್ಲ. ಆ ಬೆಲೆ ನಿಜಕ್ಕೂ 262537412640768744ಕ್ಕೆ ಕೂದಲೆಳೆಯಷ್ಟು ಕಡಿಮೆ, ದಶಾಂಶದ ನಂತರ ಹನ್ನೆರಡು ಒಂಬತ್ತುಗಳು. ಪೂರ್ಣಾಂಕ ಮಾತ್ರ ಅಲ್ಲ. ಈ ಅಂಕಣಕ್ಕೆ ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು, ಹಲವರು ಆ ನಕಾಶೆಗೆ ನಾಲ್ಕೇ ಬಣ್ಣ ತುಂಬಿ ಕಳಿಸಿದ್ದರು. ಅಂದರೆ ಓದುಗರು ಅಧಿಕಾರವಾಣಿಗೆ ತಲೆಬಾಗದೆ ತಾವೇ ಪರೀಕ್ಷಿಸಿ ನೋಡಿದ್ದರು. ಹದಿನೆಂಟು ವರ್ಷದ ಅಂಕಣ ಬೆಳೆಸಿದ ಗುಣ ಇದು. ಕಳೆ ಕೀಳುವ ಕೆಲಸದ ದೊಡ್ಡ ಪಾಲನ್ನು ಓದುಗರೇ ವಹಿಸಿಕೊಂಡಿದ್ದರು. ಇನ್ನೊಂದು ಮಾತನ್ನು ಒಪ್ಪಲೇಬೇಕು: ಆ ಪತ್ರಿಕೆ ಇಂಗ್ಲಿಷಿನದು, ಓದಿದವರಲ್ಲಿ ಹೆಚ್ಚಿನವರು ವಿದ್ಯಾವಂತ ಮಧ್ಯಮವರ್ಗದವರು. ಮಾರ್ಜರಿ ರೈಸ್ ಮನೆಗೆ ಪತ್ರಿಕೆ ಬರುತ್ತಿತ್ತು, ನಮ್ಮ ಅಳಗುಳಿಮಣೆಯ ಹೆಂಗಸರ ಮನೆಗೆ ಬರಲಿಲ್ಲ. ಬಾಗಿಲು ತೆರೆದದ್ದು ನಿಜ, ಆದರೆ ಅದು ಒಂದು ಬೀದಿಯ ಬಾಗಿಲು. ಇದರಿಂದ ನನ್ನ ವಾದ ಬೀಳುವುದಿಲ್ಲ, ಇನ್ನಷ್ಟು ಚುರುಕಾಗುತ್ತದೆ: ಕನ್ನಡದಲ್ಲಿ ಒಗಟಿನ ಪುಸ್ತಕಗಳೂ ಪುಟಗಳೂ ಇವೆ, ಮುಂದಿನ ಸಂಚಿಕೆಯಲ್ಲಿ ಉತ್ತರವೂ ಸಿಗುತ್ತದೆ. ಉತ್ತರದ ಬದಲು ಓದುಗ ಹೋದ ದಾರಿಯನ್ನು ಅಚ್ಚು ಹಾಕುವ, ಸಂಪಾದಕನಿಗೇ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಧೈರ್ಯವಾಗಿ ಕೇಳುವ, ಹಾವೇರಿಯ ಹುಡುಗಿಯ ಪತ್ರವನ್ನು ತಕ್ಕ ಗಣಿತಜ್ಞರಿಗೆ ದಾಟಿಸುವ ಪುಟಗಳು ಹೆಚ್ಚಬೇಕು.

ಅಂಚೆಯ ಕಾಲ ಮುಗಿಯಿತು, ಅದರ ಜೊತೆಗೆ ಈ ವಾದವೂ ಮುಗಿಯಿತು ಎನ್ನುವವರಿಗೆ ಇತ್ತೀಚಿನ ಒಂದು ಉದಾಹರಣೆ ಸಾಕು. ಒಂದೇ ಬಗೆಯ ಬಿಲ್ಲೆಯಿಂದ, ವಿನ್ಯಾಸ ಎಂದೂ ಮರುಕಳಿಸದಂತೆ ಮಾತ್ರ ನೆಲ ಹಾಸಬಹುದೇ ಎಂಬ ಪ್ರಶ್ನೆ ದಶಕಗಳಿಂದ ನಿಂತಿತ್ತು. ರೋಜರ್ ಪೆನ್‌ರೋಸ್ 1970ರ ದಶಕದಲ್ಲಿ ಎರಡು ಬಗೆಯ ಬಿಲ್ಲೆಗಳಿಂದ ಅದನ್ನು ಸಾಧಿಸಿದ್ದ, ಗಾರ್ಡ್ನರ್ 1977ರ ಜನವರಿಯಲ್ಲಿ ಅದನ್ನು ಓದುಗರಿಗೆ ತಲುಪಿಸಿದ್ದ. ಒಂದೇ ಬಗೆಯಿಂದ ಆಗುತ್ತದೆ ಎಂದು ಮೊದಲು ಕಂಡವನು ಇಂಗ್ಲೆಂಡಿನ ಯಾರ್ಕ್‌ಶೈರಿನ ಡೇವಿಡ್ ಸ್ಮಿತ್, ಮುದ್ರಣದ ಕೆಲಸದಿಂದ ನಿವೃತ್ತನಾದ ಹವ್ಯಾಸಿ. 2022ರ ನವೆಂಬರಿನಲ್ಲಿ ಹದಿಮೂರು ಬದಿಯ ಒಂದು ಆಕೃತಿಯನ್ನು ಕಾಗದದಲ್ಲಿ ಕತ್ತರಿಸಿ ಜೋಡಿಸುತ್ತ, ವಿನ್ಯಾಸ ಮರುಕಳಿಸದಿರುವುದನ್ನು ಗಮನಿಸಿ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕ್ರೇಗ್ ಕಪ್ಲಾನ್‌ಗೆ ಬರೆದ. ಕಪ್ಲಾನ್ ಓದಿದ, ಪರೀಕ್ಷಿಸಿದ. ಜೋಸೆಫ್ ಮೈಯರ್ಸ್ ಮತ್ತು ಖೈಮ್ ಗುಡ್‌ಮನ್-ಸ್ಟ್ರಾಸ್ ಜೊತೆಗೂಡಿದರು. 2023ರ ಮಾರ್ಚಿನಲ್ಲಿ ಸಾಧನೆ ಪ್ರಕಟವಾಯಿತು. ನೆಲ ಹಾಸುವಾಗ ಕೆಲವು ಬಿಲ್ಲೆಗಳನ್ನು ಮಗುಚಿಡಬೇಕಾಗುತ್ತದೆ, ಮಗುಚಿದ್ದನ್ನು ಬೇರೆ ಬಗೆ ಎಂದು ಎಣಿಸಬೇಕಲ್ಲವೇ ಎಂದು ಓದಿದ ಹಲವರು ತಕರಾರು ತೆಗೆದರು. ಸ್ಮಿತ್ ಆಕೃತಿಯನ್ನು ಮತ್ತೆ ತಿದ್ದತೊಡಗಿದ. ಅದೇ ಮೇ ತಿಂಗಳಲ್ಲಿ ನಾಲ್ವರೂ ಪ್ರಕಟಿಸಿದ ಎರಡನೆಯ ಬರಹದಲ್ಲಿ, ಒಂದನ್ನೂ ಮಗುಚದೆ ನೆಲ ತುಂಬುವ ಬಿಲ್ಲೆಯಿತ್ತು.